ಮೈಕಮ್ಮನ ‘ಇನ್ನೂ ಬಂದಿಲ್ಲ’

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂರುವ ಹೆಂಗಸಿಗೆ ಮೈಕಮ್ಮ ಅಂತ ಹೆಸರಿಟ್ಟವರು ಡ್ರೈವರುಗಳು. ಅವರ ಬಾಯಿಗೆ ಸಕ್ಕರೆ ಹಾಕಬೇಕು, ಅದಕ್ಕಿಂತ ಒಪ್ಪುವ ಹೆಸರು ಹೆತ್ತವರಿಗೂ ಹೊಳೆದಿರಲಿಲ್ಲ. ನಿಲ್ದಾಣದ ಕಂಬಕಂಬಕ್ಕೂ ಕಟ್ಟಿದ ಸ್ಪೀಕರುಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಅವಳದೇ ಧ್ವನಿ. ಎದುರಿನ ಹಣ್ಣಿನ ಗಾಡಿಯವನಿಂದ ಹಿಡಿದು ಹಿಂದಿನ ಬೀದಿಯ ಇಸ್ತ್ರಿ ಅಂಗಡಿಯವಳವರೆಗೆ ಎಲ್ಲರೂ ಆ ಧ್ವನಿ ಕೇಳಿಯೇ ಹೊತ್ತೆಷ್ಟಾಯಿತು ಅಂತ ಅಂದಾಜು ಮಾಡುವವರು. ಮುಖ ಕಂಡವರು ಮಾತ್ರ ಕಡಿಮೆ. ಗಾಜಿನ ಹಿಂದೆ ಕೂತವರ ಮುಖ ಯಾರು ನೋಡುತ್ತಾರೆ ಹೇಳಿ?

ಮನೆಗೆ ಬಂದರೂ ಆ ಧ್ವನಿಗೆ ರಜೆ ಇರಲಿಲ್ಲ. “ದಯವಿಟ್ಟು ಗಮನಿಸಿ, ಸ್ನಾನಕ್ಕೆ ನೀರು ಕಾದಿದೆ. ಹೋಗುವವರು ಕೂಡಲೇ ಹೋಗತಕ್ಕದ್ದು” ಅಂತ ಅಡುಗೆಮನೆಯಿಂದ ಕೂಗಿದರೆ ಮೇಲಿನ ಮಹಡಿಯವರೂ ಟವೆಲ್ ಹುಡುಕುತ್ತಿದ್ದರು. ಗಂಡ ಬೇಕರಿಯಲ್ಲಿ ಬ್ರೆಡ್ ಸುಡುವವರು. ಇನ್ನೂ ಮಬ್ಬಿರುವಾಗಲೇ ಹೋಗಿ ಒಲೆಯ ಮುಂದೆ ನಿಂತು, ಮಧ್ಯಾಹ್ನ ಮೈಯೆಲ್ಲ ಹಿಟ್ಟಾಗಿ ಬಂದು ಮಲಗುವ ಮನುಷ್ಯ. ಮಾತು ಕಡಿಮೆ. ಯಾರಾದರೂ ಕೇಳಿದರೆ, “ನನ್ನ ಪಾಲಿನ ಮಾತನ್ನೂ ಇವಳೇ ಆಡಿ ಮುಗಿಸ್ತಾಳೆ, ನನಗೇನು ಉಳೀತು?” ಅನ್ನುತ್ತಿದ್ದರು. ಮಕ್ಕಳಿರಲಿಲ್ಲ. ತಂಗಿಯ ಮಗಳು ವಿಶ್ವವಿದ್ಯಾಲಯಕ್ಕೆ ಸೇರಿದಾಗ, “ಹಾಸ್ಟೆಲ್ಲು ಗೀಸ್ಟೆಲ್ಲು ಏನೂ ಬೇಡ, ನನ್ನ ಮನೇಲಿ ಒಂದು ಮಂಚ ಸುಮ್ನೆ ಬಿದ್ದಿದೆ” ಅಂತ ಮೈಕಮ್ಮ ಕರೆಸಿಕೊಂಡಳು. ಚಿಕ್ಕ ಮೈಕಟ್ಟು, ಬಾಗಿಲು ಸ್ವಲ್ಪ ಜೋರಾಗಿ ಬಡಿದರೂ ಬೆಚ್ಚಿಬೀಳುವ ಹುಡುಗಿ. ತೊಟ್ಟಿಲಲ್ಲಿದ್ದಾಗಲೇ ದೊಡ್ಡಮ್ಮ ಅವಳಿಗೆ ಗುಬ್ಬಿ ಅಂತ ಹೆಸರಿಟ್ಟಿದ್ದಳು. ಹೀಗೆ ಮೈಕಮ್ಮನ ಮನೆಗೆ ಗುಬ್ಬಿ ಬಂದಿತು.

ಮೈಕಮ್ಮನ ಕೆಲಸದಲ್ಲೊಂದು ಕಟ್ಟುನಿಟ್ಟಿನ ನಿಯಮವಿತ್ತು. ತಡವಾದ ಬಸ್ಸಿನ ಬಗ್ಗೆ ಯಾರು ಕೇಳಿದರೂ ‘ಬರುತ್ತೆ’ ಅನ್ನಬಾರದು. ಹಾಗೆ ಅಂದು, ಅದು ಬಾರದೇ ಹೋದರೆ ಜನ ಕುತ್ತಿಗೆ ಹಿಡಿಯುತ್ತಾರೆ. ‘ಬರಲ್ಲ’ ಅಂತಲೂ ಅನ್ನಬಾರದು. ಅದನ್ನು ಹೇಳುವ ಹಕ್ಕು ಡಿಪೋದವರದು, ಅವರು ಫೋನ್ ಮಾಡಿ ರದ್ದು ಅನ್ನುವವರೆಗೆ ಯಾವ ಬಸ್ಸೂ ಬಾರದ ಬಸ್ಸಲ್ಲ. ಹಾಗಾಗಿ ಅವಳ ಬಾಯಲ್ಲಿ ಉಳಿದದ್ದು ಒಂದೇ ಉತ್ತರ, “ಇನ್ನೂ ಬಂದಿಲ್ಲ. ದಯವಿಟ್ಟು ಕಾಯಿರಿ.”

“ಬಂದಿಲ್ಲ ಅನ್ನೋದು ನಮಗೂ ಕಾಣ್ತಿದೆಯಲ್ಲ ತಾಯಿ! ಇದನ್ನ ಹೇಳೋಕೆ ನಿಮಗೆ ಸಂಬಳ ಬೇರೆ ಕೊಡ್ತಾರಾ?” ಅಂತ ಪ್ರಯಾಣಿಕರು ರೇಗುತ್ತಿದ್ದರು.

“ಕೊಡ್ತಾರೆ, ಸ್ವಲ್ಪ ಕಡಿಮೆ ಕೊಡ್ತಾರೆ. ಕೂತ್ಕೊಳ್ಳಿ ಅಣ್ಣ” ಅನ್ನುತ್ತಿದ್ದಳು ಮೈಕಮ್ಮ. ರೇಗುವವರ ಮೇಲೆ ತಿರುಗಿ ರೇಗಿದ್ದು ಯಾರೂ ಕಂಡಿದ್ದಿಲ್ಲ.

ಇನ್ನು ಗುಬ್ಬಿಯ ಕಥೆ ನೋಡಿ. ಓದುತ್ತಿದ್ದುದು ಫಿಸಿಯೋಥೆರಪಿ, ಅಂದರೆ ಬಿದ್ದು ಕೈಕಾಲು ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಮಾಡಿಸಿ ನಡೆಸುವ ವಿದ್ಯೆ. ಓದುವುದರಲ್ಲಿ ಅವಳನ್ನು ಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ. ಮನೆಯಲ್ಲಿ ಕೇಳಿದರೆ ಪಟಪಟ ಹೇಳುತ್ತಿದ್ದಳು. ಆದರೆ ಪರೀಕ್ಷೆಯ ಹಾಲಿನಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದದ್ದೇ ತಡ, ಎದೆ ಡವಡವ ಹೊಡೆದುಕೊಂಡು, ಓದಿದ್ದೆಲ್ಲ ಕೈಕೊಟ್ಟು ಹೋಗುತ್ತಿತ್ತು. ಉಳಿದ ವಿಷಯಗಳನ್ನು ಹೇಗೋ ಏದುಸಿರು ಬಿಡುತ್ತ ದಾಟಿಕೊಂಡಳು. ಅಂಗರಚನಾಶಾಸ್ತ್ರ ಅನ್ನುವುದೊಂದು ಮಾತ್ರ ದಾಟಲಿಲ್ಲ. ಯಾವ ನರ ಎಲ್ಲಿ ಹುಟ್ಟಿ ಎಲ್ಲಿಗೆ ಹೋಗುತ್ತದೆ ಅನ್ನುವ ಪತ್ರಿಕೆ ಅದು. ಮೊದಲ ಸಲ ಅರ್ಧ ಗಂಟೆಗೇ ಎದ್ದು ಬಂದುಬಿಟ್ಟಳು. ಎರಡನೇ ಸಲ ಕೊನೆಯವರೆಗೂ ಕೂತಳು, ಬರೆದದ್ದು ಮಾತ್ರ ತನ್ನ ನೋಂದಣಿ ಸಂಖ್ಯೆ ಮತ್ತು ಎರಡು ಸಾಲು.

“ನರದ ವಿಷಯ ಓದೋಳಿಗೇ ನರದೌರ್ಬಲ್ಯ ಅಂದ್ರೆ ಹೇಗಮ್ಮ?” ಅಂತ ದೊಡ್ಡಪ್ಪ ವರ್ಷಕ್ಕೊಂದು ಆಡುವ ತಮಾಷೆಯನ್ನು ಆಡಿಬಿಟ್ಟರು. ದೊಡ್ಡಮ್ಮ ಕಣ್ಣು ಕೆಕ್ಕರಿಸಿದಳು. ಅವರು ಮತ್ತೆ ಒಂದು ವರ್ಷ ಸುಮ್ಮನಾದರು.

ತಮಾಷೆಯ ಹೊತ್ತೂ ಆಗಿರಲಿಲ್ಲ ಅನ್ನಿ. ಒಂದು ಪತ್ರಿಕೆಯಲ್ಲಿ ಮೂರನೇ ಸಲವೂ ನಪಾಸಾದರೆ ಆ ಕೋರ್ಸಿನಿಂದಲೇ ಹೊರಗೆ, ಇದು ವಿಶ್ವವಿದ್ಯಾಲಯದ ನಿಯಮ. ಓದಿದ ಎರಡು ವರ್ಷ ನೀರಿನಲ್ಲಿ ಹೋಮ ಮಾಡಿದ ಹಾಗೆ. ಊರಲ್ಲಿ ಅಮ್ಮ ಫೋನಿನಲ್ಲಿ, “ಆರೋಗ್ಯ ನೋಡ್ಕೋ, ಅಷ್ಟು ಸಾಕು” ಅನ್ನುತ್ತಿದ್ದಳು. ಅದನ್ನು ಕೇಳಿದರೆ ಗುಬ್ಬಿಗೆ ಇನ್ನೂ ಸಂಕಟ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೂರನೇ ಪರೀಕ್ಷೆ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಗುಬ್ಬಿ ಅಡುಗೆಮನೆಯ ನೆಲದಲ್ಲಿ ಪುಸ್ತಕ ಹರಡಿಕೊಂಡು ಕೂತಿದ್ದಳು. ದೊಡ್ಡಮ್ಮ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ, ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈಯಲ್ಲಿ ಬಾಚಣಿಗೆ ಹಿಡಿದು ಓಡಾಡುತ್ತಿದ್ದಳು. ಗುಬ್ಬಿ ಪುಸ್ತಕ ಮುಚ್ಚಿ ಕಣ್ಣು ಮುಚ್ಚಿ ಏನೋ ನೆನಪಿಸಿಕೊಳ್ಳಲು ನೋಡಿದಳು. ಆಗಲಿಲ್ಲ. ಪುಸ್ತಕವನ್ನು ತಳ್ಳಿ, “ನನಗೆ ಬರಲ್ಲ ದೊಡ್ಡಮ್ಮ. ಏನೂ ಬರಲ್ಲ” ಅಂದಳು.

ದೊಡ್ಡಮ್ಮ ಜಡೆಯಿಂದ ಕಣ್ಣೆತ್ತದೆ, ಕಿಟಕಿಯಲ್ಲಿ ಕೂತವಳಂತೆ, “ಬರಲ್ಲ ಅನ್ನೋ ಹಾಗಿಲ್ಲ. ಇನ್ನೂ ಬಂದಿಲ್ಲ, ದಯವಿಟ್ಟು ಕಾಯಿರಿ” ಅಂದುಬಿಟ್ಟಳು.

ಬಾಯಿ ತಪ್ಪಿ ಬಂದ ಮಾತು. ಬಾಯಿಪಾಠವಾಗಿ ಹೋದ ಮಾತು ಎಲ್ಲಿ ಬೇಕಾದರೂ ಹೊರಗೆ ಬೀಳುತ್ತದೆ. ಗುಬ್ಬಿಗೆ ಮಾತ್ರ ಉರಿದುಹೋಯಿತು.

“ನಾನೇನು ಬಸ್ಸಿಗೆ ಕಾಯ್ತಾ ಕೂತಿದೀನಾ? ಇಲ್ಲಿ ಜೀವ ಹೋಗ್ತಿದೆ, ನಿನಗೆ ಅನೌನ್ಸ್‌ಮೆಂಟು!”

“ಅಯ್ಯೋ, ಹಾಗಲ್ಲ ಕಣೇ…”

“ಮತ್ತೆ ಹೇಗೆ? ನಿನಗೇನು, ಗಾಜಿನ ಹಿಂದೆ ಕೂತು ಬಾಯಿಗೆ ಬಂದದ್ದು ಹೇಳಬಹುದು. ಪರೀಕ್ಷೆ ಬರೆಯೋಳು ನಾನು!” ಅಂತ ಗುಬ್ಬಿ ಅತ್ತೇಬಿಟ್ಟಳು.

ದೊಡ್ಡಮ್ಮ ಟೀ ಲೋಟ ಕೆಳಗಿಟ್ಟಳು. ಹತ್ತಾರು ಸಾವಿರ ಜನಕ್ಕೆ ದಾರಿ ಹೇಳಿದವಳು, ತನ್ನ ಅಡುಗೆಮನೆಯಲ್ಲಿ ಒಂದು ಹುಡುಗಿಗೆ ಸಮಾಧಾನ ಹೇಳಲಾರದೆ ನಿಂತಳು. ಕೊನೆಗೆ, “ಏಳು, ಮುಖ ತೊಳ್ಕೋ. ಪುಸ್ತಕ ತಗೊಂಡು ನನ್ನ ಜೊತೆ ಬಾ. ಈ ಮನೇಲಿ ಒಬ್ಬಳೇ ಗೋಡೆ ನೋಡ್ತಾ ಕೂತ್ರೆ ನಿನಗೆ ಹುಚ್ಚು ಹಿಡಿಯುತ್ತೆ” ಅಂದಳು.

ಹೀಗೆ ಗುಬ್ಬಿಯ ಓದು ವಿಚಾರಣೆ ಕಿಟಕಿಯ ಹಿಂದಕ್ಕೆ ಬಂತು. ಒಂದು ಮೇಜು, ಒಂದು ಕುರ್ಚಿ, ಡಿಪೋಗೆ ಮಾತಾಡುವ ಫೋನು, ಕೆಂಪು ಗುಂಡಿಯ ಮೈಕು, ಮೂಲೆಯಲ್ಲಿ ಕಾಲು ಮುರಿದ ಸ್ಟೂಲು. ಸ್ಟೂಲಿನ ಕಾಲಿನ ಕೆಳಗೆ ಹಳೇ ವೇಳಾಪಟ್ಟಿ ಮಡಿಸಿಟ್ಟು ಗುಬ್ಬಿಗೆ ಕೂರಲು ಜಾಗವಾಯಿತು. ಮೊದಲ ದಿನ ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಹಾರ್ನು, ಮಕ್ಕಳ ಅಳು, ಗಾಜಿಗೆ ಮೂಗು ಒತ್ತಿ ಕೂಗುವ ಜನ. ಮೂರು ಬಸ್ಸು ಒಟ್ಟಿಗೆ ತಡವಾದ ದಿನ ಕಿಟಕಿಯೆದುರು ಜಾತ್ರೆಯೇ ನೆರೆಯಿತು. ಎಲ್ಲರೂ ಒಟ್ಟಿಗೆ ಕೇಳುವವರೇ. ಗುಬ್ಬಿ ಸ್ಟೂಲನ್ನು ಗೋಡೆಗೆ ಒತ್ತಿಕೊಂಡಳು.

ದೊಡ್ಡಮ್ಮ ಮಾತ್ರ ತಲೆಯೆತ್ತಿ ಗುಂಪಿನ ಕಡೆ ನೋಡಲೇ ಇಲ್ಲ. ಗಾಜಿನ ತೂತಿಗೆ ಸರಿಯಾಗಿ ಬಂದ ಮುಖ ಒಂದನ್ನೇ ನೋಡಿ, ಅದಕ್ಕೆ ಉತ್ತರ ಹೇಳಿ, “ಮುಂದಿನವರು” ಅಂದಳು. ಮತ್ತೊಂದು ಮುಖ, ಮತ್ತೊಂದು ಉತ್ತರ. ಸ್ವಲ್ಪ ಹೊತ್ತಿಗೆ ಗುಂಪು ಕರಗಿತು.

“ನಿನಗೆ ಗಾಬರಿ ಆಗಲ್ವಾ ದೊಡ್ಡಮ್ಮ?”

“ಎಲ್ಲರನ್ನೂ ಒಂದೇ ಸಲ ನೋಡಿದ್ರೆ ಓಡಿಹೋಗೋಣ ಅನ್ಸುತ್ತೆ. ಅದಕ್ಕೇ ನೋಡಲ್ಲ” ಅಂದು ಮೈಕಮ್ಮ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದಳು.

ದಿನ ಕಳೆದಂತೆ ಗದ್ದಲ ಗುಬ್ಬಿಗೆ ಒಗ್ಗಿತು. ಬಿಡುವಾದಾಗ ದೊಡ್ಡಮ್ಮ ಪುಸ್ತಕ ಕಿತ್ತುಕೊಂಡು ಪ್ರಶ್ನೆ ಕೇಳುತ್ತಿದ್ದಳು. ಅರ್ಥ ಅವಳಿಗೆ ಆಗಬೇಕಲ್ಲ! ತನಗೆ ಗೊತ್ತಿದ್ದ ಧಾಟಿಯಲ್ಲೇ ಓದಿದಳು, “ಕುತ್ತಿಗೆಯಿಂದ ಹೊರಟು, ಕಂಕುಳು, ಮೊಣಕೈ ಮಾರ್ಗವಾಗಿ ಕಿರುಬೆರಳಿಗೆ ಹೋಗುವ ನರ ಯಾವುದು?” ಅಂತ. ಗುಬ್ಬಿ ನಗುತ್ತಲೇ, “ಅಲ್ನಾರ್ ನರ” ಅಂದಳು. “ಮೊಣಕೈಯಲ್ಲಿ ಮುಂದಿನಿಂದ ಹೋಗುತ್ತೋ ಹಿಂದಿನಿಂದಲೋ?” “ಹಿಂದಿನಿಂದ. ಅದಕ್ಕೇ ಅಲ್ಲಿ ಏಟು ಬಿದ್ರೆ ಜುಂ ಅನ್ನೋದು.”

ಆಗಲೇ ಒಬ್ಬ ಮುದುಕ ಗಾಜಿನ ತೂತಿಗೆ ಬಾಯಿಟ್ಟು, “ಅಮ್ಮಾ, ಈ ಕಿರುಬೆರಳಿಗೆ ಹೋಗೋದು ಯಾವ ಪ್ಲಾಟ್‌ಫಾರಂ? ಮೊಣಕೈಯಲ್ಲಿ ನಿಲ್ಲಿಸ್ತಾರಾ?” ಅಂತ ಕೇಳಿದ.

ಇಬ್ಬರೂ ಮೈಕಿನ ಕಡೆ ನೋಡಿದರು. ಕೆಂಪು ದೀಪ ಹತ್ತಿಕೊಂಡೇ ಇತ್ತು! ಗುಂಡಿ ಒತ್ತಿದ್ದು ಹಾಗೇ ಉಳಿದುಹೋಗಿ, ನರಮಂಡಲವೆಲ್ಲ ನಿಲ್ದಾಣದ ಕಂಬಕಂಬದಲ್ಲೂ ಮೊಳಗಿತ್ತು. ಹೊರಗೆ ಡ್ರೈವರುಗಳು ಸ್ಟೀರಿಂಗ್ ತಬ್ಬಿಕೊಂಡು ನಗುತ್ತಿದ್ದರು. ಮೈಕಮ್ಮ ನಾಲಿಗೆ ಕಚ್ಚಿಕೊಂಡು, “ಆ ಬಸ್ಸು ಇನ್ನೂ ಬಂದಿಲ್ಲ ಅಜ್ಜ, ಕೂತ್ಕೊಳ್ಳಿ” ಅಂದಳು. ಗುಬ್ಬಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ ಏನೋ. ಅಡುಗೆಮನೆಯಲ್ಲಿ ಆಡಿದ ಮಾತಿಗೆ ಕ್ಷಮೆ ಕೇಳಬೇಕು ಅಂತ ಅವತ್ತು ಅವಳಿಗೆ ಅನ್ನಿಸಿತು, ನಗುವಿನ ಮಧ್ಯೆ ಮರೆತುಹೋಯಿತು.

ಪರೀಕ್ಷೆಯ ದಿನ ಬಂತು. ಎತ್ತರದ ಚಾವಣಿಯ ಹಾಲು, ಒಂದೊಂದು ಡೆಸ್ಕಿಗೆ ಒಬ್ಬೊಬ್ಬರು. ಪ್ರಶ್ನೆಪತ್ರಿಕೆ ತಿರುಗಿಸಿದ ಕೂಡಲೇ ಅದೇ ಹಳೇ ರಗಳೆ ಶುರುವಾಯಿತು. ಮೊದಲ ಪ್ರಶ್ನೆಯೇ ಕಂಕುಳಿನ ನರಜಾಲ, ಚಿತ್ರ ಬರೆದು ವಿವರಿಸಿ ಅಂತ. ನಿನ್ನೆಯವರೆಗೆ ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದ ಚಿತ್ರ. ಈಗ ತಲೆಯೊಳಗೆ ಬರೀ ಗುಂಯ್ ಅನ್ನುವ ಸದ್ದು. ಎದ್ದುಹೋಗಿಬಿಡೋಣ ಅಂತ ಡೆಸ್ಕಿನ ಮೇಲೆ ಕೈ ಊರಿದಳು. ಎದ್ದರೆ ಮುಗಿಯಿತು, ಮತ್ತೆ ಈ ಹಾಲಿಗೆ ಕಾಲಿಡುವ ಹಾಗೇ ಇಲ್ಲ. ಅದೂ ಗೊತ್ತಿತ್ತು. ಆದರೂ ಅರ್ಧ ಎದ್ದಿದ್ದಳು.

ಮೇಲ್ವಿಚಾರಕ ಹತ್ತಿರ ಬಂದು, “ಏನಮ್ಮ, ಏನಾದ್ರೂ ಬೇಕಾ?” ಅಂತ ಕೇಳಿದ.

“ಇನ್ನೂ ಬಂದಿಲ್ಲ” ಅಂತ ಬಾಯಿಂದ ಹೊರಬಿತ್ತು.

“ಏನು ಬಂದಿಲ್ಲ? ಎಲ್ಲರಿಗೂ ಕೊಟ್ಟಾಯ್ತಲ್ಲ!”

“ಏನಿಲ್ಲ ಸರ್” ಅಂದು ಗುಬ್ಬಿ ಕೂತಳು. ತುಟಿಯ ಅಂಚಿನಲ್ಲಿ ನಗು ಬಂದಿತ್ತು. ಉತ್ತರಪತ್ರಿಕೆಯಲ್ಲಿ ಒಂದು ಅಂತ ಹಾಕಿ, ಅದರ ಮುಂದೆ, ‘ಇನ್ನೂ ಬಂದಿಲ್ಲ. ದಯವಿಟ್ಟು ಕಾಯಿರಿ’ ಅಂತ ಬರೆದು, ಒಂದು ಪುಟ ಖಾಲಿ ಬಿಟ್ಟಳು. ಉಳಿದ ಪ್ರಶ್ನೆಗಳನ್ನು ಕೈಯಿಂದ ಮುಚ್ಚಿ ಎರಡನೆಯದನ್ನಷ್ಟೇ ಓದಿದಳು. ಅದು ಕೈಯ ನರಗಳ ಪ್ರಶ್ನೆ. ಪುಣ್ಯಕ್ಕೆ, ಕಿರುಬೆರಳಿನ ಬಸ್ಸು! ಮುದುಕನ ಮುಖ ನೆನಪಾಯಿತು, ಮೊಣಕೈ ನೆನಪಾಯಿತು, ಪೆನ್ನು ಓಡತೊಡಗಿತು. ಆಮೇಲೆ ಮೂರನೆಯದು, ನಾಲ್ಕನೆಯದು, ಒಂದೊಂದಾಗಿ ಕೈಗೆ ಬಂದವು. ಮೊದಲನೆಯದು ಮಾತ್ರ ಕೊನೆಯವರೆಗೂ ಬರಲಿಲ್ಲ. ಗಂಟೆ ಹೊಡೆಯಿತು. ಪತ್ರಿಕೆ ಕೊಟ್ಟು ಹೊರಗೆ ಬಂದು, ಬಿಸಿಲಿಗೆ ಮುಖವೊಡ್ಡಿ ನಿಂತಾಗ ನೆನಪಾಯಿತು, ಆ ಸಾಲನ್ನು ಹೊಡೆದುಹಾಕಿಲ್ಲ ಅಂತ.

ಸಂಜೆ ಮನೆಯಲ್ಲಿ ಇದನ್ನು ಕೇಳಿ ದೊಡ್ಡಮ್ಮ ನಕ್ಕ ನಗುವಿಗೆ ದೊಡ್ಡಪ್ಪನ ನಿದ್ದೆ ಹಾರಿಹೋಯಿತು. “ಪೇಪರ್ ತಿದ್ದೋರಿಗೇ ಕಾಯೋಕೆ ಹೇಳಿದೀಯಾ? ಭಲೇ ಹುಡುಗಿ!” ಅಂದಳು. ಹೋಗಲಿ ಬಿಡು, ಅದಕ್ಕೆ ಅಂಕ ಕೊಡಲ್ಲ ಅಷ್ಟೇ ತಾನೇ ಅಂತ ಮೂವರೂ ಆ ಮಾತನ್ನು ಅಲ್ಲಿಗೇ ಬಿಟ್ಟರು.

ಫಲಿತಾಂಶ ಹಾಕಿದ ದಿನ ಗುಬ್ಬಿಯ ಸಂಖ್ಯೆಯೆದುರು ಪಾಸು ಅಂತಲೂ ಇರಲಿಲ್ಲ, ನಪಾಸು ಅಂತಲೂ ಇರಲಿಲ್ಲ. ‘ತಡೆಹಿಡಿಯಲಾಗಿದೆ’ ಅಂತಿತ್ತು. ಪರೀಕ್ಷಾ ವಿಭಾಗಕ್ಕೆ ಓಡಿದಾಗ ಗುಮಾಸ್ತ ಕಡತ ನೋಡಿ ಹೇಳಿದ, “ಉತ್ತರಪತ್ರಿಕೆಯಲ್ಲಿ ಮೌಲ್ಯಮಾಪಕರಿಗೆ ಸಂದೇಶ ಬರೆದಿದ್ದೀರಂತೆ. ದಯವಿಟ್ಟು ಕಾಯಿರಿ ಅಂತ. ಇದು ನಿಮ್ಮ ಪತ್ರಿಕೆ ಅಂತ ಯಾರಿಗೋ ಗುರುತು ಸಿಗಲಿ ಅಂತ ಬರೆದದ್ದು ಅನ್ನೋ ಅನುಮಾನ. ಸಮಿತಿ ಎದುರು ಬಂದು ವಿವರಣೆ ಕೊಡಿ. ಪೋಷಕರನ್ನೂ ಕರ್ಕೊಂಡು ಬನ್ನಿ.” ಅಕ್ರಮ ಅಂತ ತೀರ್ಮಾನವಾದರೆ ಪತ್ರಿಕೆ ರದ್ದು. ರದ್ದಾದರೆ ಅದೇ ಮೂರನೇ ನಪಾಸು.

ತಮಾಷೆಗೆ ಅಂತಲೂ ಅಲ್ಲ, ಬೇಕು ಅಂತಲೂ ಅಲ್ಲ, ಜೀವ ಉಳಿಸಿಕೊಳ್ಳಲು ಬರೆದ ಸಾಲು ಕುತ್ತಿಗೆಗೇ ಬಂತಲ್ಲ!

“ನಾನು ಬರ್ತೀನಿ. ಏನು ನುಂಗಿಬಿಡ್ತಾರಾ? ಮಾತಾಡೋಕೆ ನಾನಿದ್ದೀನಲ್ಲ” ಅಂದಳು ದೊಡ್ಡಮ್ಮ. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ರಜೆ ಹಾಕಿ ಹೊರಟಳು. ದಾರಿಯುದ್ದಕ್ಕೂ ಏನೇನು ಹೇಳಬೇಕು ಅಂತ ತುಟಿಯಲ್ಲೇ ಆಡಿಕೊಳ್ಳುತ್ತಿದ್ದಳು.

ಸಮಿತಿಯ ಕೋಣೆಯಲ್ಲಿ ಉದ್ದನೆಯ ಮೇಜು. ಮಧ್ಯೆ ಅಧ್ಯಕ್ಷೆ, ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ಒಂದು ಪಕ್ಕ ಪರೀಕ್ಷಾ ವಿಭಾಗದ ಅಧಿಕಾರಿ. ಇನ್ನೊಂದು ಪಕ್ಕ ಸಣಕಲು ಮೈಯ ವಯಸ್ಸಾದ ಪ್ರಾಧ್ಯಾಪಕರು, ಮಡಿಲಲ್ಲಿ ಕೊಡೆ. ಅಧಿಕಾರಿ ಉತ್ತರಪತ್ರಿಕೆ ತೆರೆದು ಆ ಸಾಲಿನ ಮೇಲೆ ಬೆರಳಿಟ್ಟರು.

“ಇದು ಯಾರಿಗೆ ಬರೆದದ್ದು?”

ಗುಬ್ಬಿ ಬಾಯಿ ತೆರೆದಳು. ಬಾಯಿಗೆ ಬೀಗ ಜಡಿದ ಹಾಗಿತ್ತು. ಪರೀಕ್ಷೆಯ ಹಾಲಿನಲ್ಲಿ ಆಗುತ್ತಿದ್ದುದೇ ಇಲ್ಲೂ. ಮೂರು ಜೊತೆ ಕಣ್ಣು ತನ್ನ ಮೇಲೆ. ಕಿವಿಯಲ್ಲಿ ಅದೇ ಗುಂಯ್.

“ಮಾತಾಡದೇ ಇದ್ರೆ ನಾವು ಏನಂತ ತಿಳ್ಕೋಬೇಕು?” ಅಂದರು ಅಧ್ಯಕ್ಷೆ. ಆಮೇಲೆ ದೊಡ್ಡಮ್ಮನ ಕಡೆ ತಿರುಗಿ, “ನೀವೇನಾಗಬೇಕು? ನೀವಾದ್ರೂ ಹೇಳಿ.”

ದೊಡ್ಡಮ್ಮ ಎದ್ದು ನಿಂತಳು. ಗುಬ್ಬಿ ಉಸಿರು ಬಿಟ್ಟಳು, ಇನ್ನು ಮಾತಿನ ಮಳೆ ಸುರಿಯುತ್ತದೆ ಅಂತ. ಸುರಿಯಲಿಲ್ಲ. ದೊಡ್ಡಮ್ಮನ ಗಂಟಲಿನಿಂದ ಒಂದು ಸಣ್ಣ ಕೀರಲು ಬಂತು, ಅಷ್ಟೇ. ಕೆಮ್ಮಿದಳು. ಸೆರಗಿನ ಅಂಚನ್ನು ಹಿಡಿದು ಹಿಂಡಿದಳು. ಮೇಜಿನ ಮೇಲೆ ಏನನ್ನೋ ಹುಡುಕುವವಳಂತೆ ಕಣ್ಣಾಡಿಸಿದಳು. ಗಾಜಿಲ್ಲ, ಗುಂಡಿಯಿಲ್ಲ, ಎದುರಿಗೆ ಜನ. ಇಡೀ ನಿಲ್ದಾಣವನ್ನು ಒಂದು ಮಾತಿಗೆ ಕೂರಿಸುತ್ತಿದ್ದವಳ ಗದ್ದ ನಡುಗುತ್ತಿತ್ತು. ಕಣ್ಣಲ್ಲಿ ನೀರು ತುಂಬಿ, ‘ನನ್ನ ಕೈಲಾಗ್ತಿಲ್ಲ ಕಣೇ’ ಅನ್ನುವ ಹಾಗೆ ಗುಬ್ಬಿಯ ಕಡೆ ನೋಡಿದಳು.

ಆ ನೋಟ ಕಂಡದ್ದೇ ಗುಬ್ಬಿಯ ಭಯ ಎಲ್ಲಿ ಹೋಯಿತೋ, ನೋಡುವಷ್ಟು ವ್ಯವಧಾನವೂ ಇರಲಿಲ್ಲ. ಎದ್ದು ದೊಡ್ಡಮ್ಮನ ಭುಜ ಹಿಡಿದು ಕೂರಿಸಿದಳು.

“ಇವರು ನನ್ನ ದೊಡ್ಡಮ್ಮ. ಇವರನ್ನ ಕೇಳಬೇಡಿ ಮೇಡಂ, ತಪ್ಪು ನನ್ನದು, ನಾನು ಹೇಳ್ತೀನಿ” ಅಂದಳು. ಹೇಳಿದಳು ಕೂಡ. ಹಿಂದೆ ಎರಡು ಸಲ ಬರೆಯಲಾಗದೆ ಸೋತದ್ದು, ಬರಲ್ಲ ಅಂತ ಅತ್ತದ್ದು, ವಿಚಾರಣೆ ಕಿಟಕಿಯ ನಿಯಮ, ಮುರಿದ ಸ್ಟೂಲು, ಕಿರುಬೆರಳಿಗೆ ಬಸ್ಸು ಕೇಳಲು ಬಂದ ಮುದುಕ, ಹಾಲಿನಲ್ಲಿ ಅರ್ಧ ಎದ್ದು ನಿಂತದ್ದು. “ಆ ಸಾಲು ಯಾರಿಗೂ ಬರೆದದ್ದಲ್ಲ ಸರ್. ನನಗೆ ನಾನೇ ಬರ್ಕೊಂಡದ್ದು. ಅದನ್ನ ಬರೀದೇ ಇದ್ದಿದ್ರೆ ನಾನು ಅವತ್ತು ಎದ್ದುಹೋಗ್ತಿದ್ದೆ. ಹೊಡೆದುಹಾಕೋದು ಮರೆತೆ, ಅದು ನನ್ನ ತಪ್ಪು.”

ಅಧಿಕಾರಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ. “ಕಥೆ ಚೆನ್ನಾಗಿದೆ. ಇದಕ್ಕೆ ಸಾಕ್ಷಿ?” ಅಂದರು.

ವಯಸ್ಸಾದ ಪ್ರಾಧ್ಯಾಪಕರು ಅಷ್ಟು ಹೊತ್ತೂ ದೊಡ್ಡಮ್ಮನನ್ನೇ ನೋಡುತ್ತಿದ್ದರು. ಈಗ ಮುಂದಕ್ಕೆ ಬಾಗಿ, “ಅಮ್ಮ, ಬೇಜಾರು ಮಾಡ್ಕೋಬೇಡಿ. ಆ ಮಾತನ್ನ ಒಂದು ಸಲ ಹೇಳ್ತೀರಾ? ನಮ್ಮ ಮುಖ ನೋಡಬೇಡಿ, ಬೇಕಾದ್ರೆ ಆ ಗೋಡೆ ಕಡೆ ತಿರುಗಿಕೊಳ್ಳಿ” ಅಂದರು.

ದೊಡ್ಡಮ್ಮ ಮೂಗೊರೆಸಿಕೊಂಡು ಗೋಡೆಯ ಕಡೆ ತಿರುಗಿದಳು. ಆಮೇಲೆ ಆ ಧ್ವನಿ ಬಂತು ನೋಡಿ, ಕಿಟಕಿಯ ಗಾಜು ಅದುರುವ ಹಾಗೆ. “ದಯವಿಟ್ಟು ಗಮನಿಸಿ. ಸಂಜೆ ಹೊರಡಬೇಕಾಗಿದ್ದ ಬಸ್ಸು ಇನ್ನೂ ಬಂದಿಲ್ಲ. ದಯವಿಟ್ಟು ಕಾಯಿರಿ.”

“ಅಯ್ಯಯ್ಯೋ!” ಅಂತ ಪ್ರಾಧ್ಯಾಪಕರು ತೊಡೆ ತಟ್ಟಿದರು. ಕೊಡೆ ನೆಲಕ್ಕೆ ಬಿತ್ತು. “ನೀವೇನಾ ತಾಯಿ ಅದು? ಈ ಧ್ವನಿಗೆ ನಾನು ದಿನಾ ಶಾಪ ಹಾಕ್ತೀನಲ್ಲ! ಸಂಜೆ ನಿಮ್ಮನ್ನ ಬೈದುಕೊಳ್ಳದೇ ನಾನು ಮನೆ ಸೇರಿದ ದಿನ ಇಲ್ಲ!”

ಅಧ್ಯಕ್ಷೆ ಕನ್ನಡಕ ತೆಗೆದು ಬಾಯಿ ಮುಚ್ಚಿಕೊಂಡು ನಕ್ಕರು. ಅಧಿಕಾರಿಯೂ ನಕ್ಕರು, ಅವರೂ ಅದೇ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವವರೇ ತಾನೇ. ಪ್ರಾಧ್ಯಾಪಕರು ಕೊಡೆ ಎತ್ತಿಕೊಂಡು, “ಎಲ್ಲಿ ಮಗು, ಆ ಮೊದಲನೇ ಪ್ರಶ್ನೆ ಈಗಾದ್ರೂ ಬಂತಾ?” ಅಂತ ಕೇಳಿದರು. ಗುಬ್ಬಿ ಕಂಕುಳಿನ ನರಜಾಲವನ್ನು ಬೇರಿನಿಂದ ಶುರುಮಾಡಿ ಮುಕ್ಕಾಲು ಪಾಲು ಹೇಳಿ, ಕೊನೆಯ ಕವಲುಗಳಲ್ಲಿ ತಡವರಿಸಿದಳು. “ಸಾಕು ಸಾಕು, ಉಳಿದದ್ದು ಮನೆಗೆ ಹೋಗಿ ಓದಿಕೋ” ಅಂದರು ಅವರು.

ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಇನ್ನು ಮುಂದೆ ಉತ್ತರ ಬಿಟ್ಟು ಬೇರೊಂದಕ್ಷರ ಬರೆಯಬಾರದು ಅಂತ ಎಚ್ಚರಿಕೆ ಕೊಟ್ಟು, ಅಧ್ಯಕ್ಷೆ ಸಹಿ ಹಾಕಿದರು. ಮುಚ್ಚಿಟ್ಟಿದ್ದ ಅಂಕಗಳನ್ನು ತೆರೆದು ನೋಡಿ ಗುಬ್ಬಿಯ ಕಡೆ ತಿರುಗಿಸಿದರು. ಮೊದಲನೇ ಪ್ರಶ್ನೆಗೆ ಸೊನ್ನೆ. ಆದರೂ ಪಾಸು. ಗಡಿ ದಾಟಿ ಸ್ವಲ್ಪ ಆಚೆ, ಅಷ್ಟೇ. ಅಷ್ಟು ಸಾಕಿತ್ತು.

ಹೊರಗಿನ ಮೊಗಸಾಲೆಯ ಬೆಂಚಿನ ಮೇಲೆ ದೊಡ್ಡಮ್ಮ ಕುಸಿದು ಕೂತಳು. ಗುಬ್ಬಿ ಅಮ್ಮನಿಗೆ ಫೋನ್ ಮಾಡಿ ಒಂದೇ ಮಾತು ಹೇಳಿ, ಅವಳ ಸಂಭ್ರಮ ಕೇಳಿ, ಬಂದು ಪಕ್ಕದಲ್ಲಿ ಕೂತಳು. ದೊಡ್ಡಮ್ಮನ ಕೈ ಮುಟ್ಟಿದರೆ ಮಂಜುಗಡ್ಡೆ.

“ಏನಿದು ದೊಡ್ಡಮ್ಮ, ಕೈ ಹೀಗಾಗಿದೆ? ಮುಗೀತಲ್ಲ!”

“ಅದು ಹಾಗೇ ಕಣೇ. ನಿನ್ನ ಮೊದಲ ಪರೀಕ್ಷೆಯಿಂದಲೂ ಹಾಗೇ. ನೀನು ಒಳಗೆ ಕೂತಿರೋವಷ್ಟು ಹೊತ್ತೂ ನನ್ನ ಕೈ ತಣ್ಣಗಾಗಿಬಿಡುತ್ತೆ. ಊಟ ಸೇರಲ್ಲ. ಒಂದು ಸಲ ಮೈಕಿನಲ್ಲಿ ಊರಿನ ಹೆಸರನ್ನೇ ತಪ್ಪು ಹೇಳಿ ಸಾಹೇಬರ ಹತ್ರ ಬೈಸಿಕೊಂಡೆ.”

“ನನಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನೀನು ಇನ್ನೂ ಹೆದರ್ಕೊಳ್ತಿದ್ದೆ. ನಿನ್ನ ಭಯವೇ ನಿನಗೆ ಸಾಲದಾ? ನನ್ನದೂ ಹೊರಬೇಕಾ?”

ಗಾಜಿನ ಹಿಂದೆ ಕೂತು ಬಾಯಿಗೆ ಬಂದದ್ದು ಹೇಳುವವಳು ಅಂದಿದ್ದಳಲ್ಲ, ಅದು ನೆನಪಾಗಿ ಗುಬ್ಬಿಗೆ ನಾಚಿಕೆಯಾಯಿತು. ಈ ಭಯ ತನ್ನೊಬ್ಬಳದೇ, ಇದು ಯಾರಿಗೂ ಅರ್ಥವಾಗದ್ದು ಅಂತ ಎರಡು ವರ್ಷ ಅಂದುಕೊಂಡಿದ್ದಳು. ಅಷ್ಟು ಕಾಲವೂ ಪಕ್ಕದ ಕೋಣೆಯಲ್ಲಿ ಇನ್ನೊಬ್ಬಳು ಅದನ್ನೇ ಪಟ್ಟುಕೊಂಡು, ಬೆಳಿಗ್ಗೆ ಎದ್ದು ನೀರು ಕಾದಿದೆ ಅಂತ ಕೂಗುತ್ತಿದ್ದಳು.

“ಥ್ಯಾಂಕ್ಸ್ ದೊಡ್ಡಮ್ಮ” ಅಂದಳು.

“ಥೂ, ಹೊರಗಿನವರ ಹಾಗೆ! ಮನೆಯವರಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರಾ?” ದೊಡ್ಡಮ್ಮನಿಗೆ ನಿಜವಾಗಿಯೂ ಕಸಿವಿಸಿಯಾಗಿತ್ತು.

“ಹೊರಗಿನವರಾದ್ರೂ ನಿನಗೆ ಹೇಳಿದಾರಾ? ಅಷ್ಟು ಜನಕ್ಕೆ ದಾರಿ ಹೇಳ್ತೀಯಲ್ಲ, ಯಾರಾದ್ರೂ ಒಬ್ಬರು?”

ದೊಡ್ಡಮ್ಮ ಯೋಚಿಸಿದಳು. ತಮಾಷೆಯಲ್ಲ, ನಿಜವಾಗಿಯೇ ಹಿಂದಕ್ಕೆ ಹೋಗಿ ಹುಡುಕಿ ನೋಡಿದಳು. “ಇಲ್ಲ ಕಣೇ” ಅಂದಳು ಮೆಲ್ಲಗೆ. “ಬಸ್ಸು ಬಂದ ತಕ್ಷಣ ಎಲ್ಲರೂ ಓಡ್ತಾರಲ್ಲ. ಪಾಪ, ಸೀಟು ಹಿಡೀಬೇಕು.”

“ನಾನು ಎಲ್ಲೂ ಓಡ್ತಿಲ್ಲ. ಕೇಳಿಸ್ಕೋ. ಅವತ್ತು ಅಡುಗೆಮನೇಲಿ ಅಂ‌ದಿದ್ದಕ್ಕೆ ತಪ್ಪಾಯ್ತು. ನೀನಿಲ್ಲದೇ ಇದ್ದಿದ್ರೆ ನಾನು ಇವತ್ತು ಪೆಟ್ಟಿಗೆಗೆ ಬಟ್ಟೆ ತುಂಬ್ಕೊಂಡು ಊರಿಗೆ ಹೋಗ್ತಿದ್ದೆ. ಥ್ಯಾಂಕ್ಸ್.”

ಮೈಕಮ್ಮ ಅತ್ತಳು. ಅಳುವುದಾದರೂ ಸಣ್ಣಗೆ ಬರಬೇಕಲ್ಲ, ಆ ಗಂಟಲಿಗೆ! ಮೊಗಸಾಲೆಯ ಒಂದೊಂದೇ ಬಾಗಿಲು ತೆರೆದು ಗುಮಾಸ್ತರು ಇಣುಕಿ ನೋಡಿದರು. ಗುಬ್ಬಿ ಅವರ ಕಡೆ ತಿರುಗಲೂ ಇಲ್ಲ. ದೊಡ್ಡಮ್ಮನ ತಣ್ಣಗಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಮಣಿಕಟ್ಟಿನಿಂದ ಬೆರಳ ತುದಿಯವರೆಗೆ, ತಾನು ಕಲಿತ ಹಾಗೆ, ಬೆಚ್ಚಗಾಗುವವರೆಗೂ ನೀವುತ್ತ ಕೂತಳು.